ಹೊರೋರು ಯಾರು? ಫ್ಲಾಟ್ ಟಾಪ್ಸ್‌ನಲ್ಲಿ ಮೊದಲ ಎಲ್ಕ್ ಶಿಕಾರಿ

ಮಾರ್ಚ್ ಕೊನೆಯ ಒಂದು ಭಾನುವಾರ ಡಲ್ಲಾಸ್‌ನಿಂದ ಭಾವ ಫೋನ್ ಮಾಡಿದರು. "ಮಾರಾಯ, ಈ ಸಲ ಎಲ್ಕ್ ಶಿಕಾರಿಗೆ ಹೋಗೋಣ. ನೀನು ಕೊಲರಾಡೊದಲ್ಲೇ ಇದ್ದೀಯ, ಜಾಗ ನೋಡು. ಕೋವಿ ನಾನು ತರ್ತೇನೆ." ಅಲ್ಲಿಗೆ ಅವರ ತಯಾರಿ ಮುಗಿಯಿತು. ನನ್ನದು ಶುರುವಾಯಿತು.

ಎಲ್ಕ್ ಅಂದರೆ ನಮ್ಮ ಕಡವೆಯ ನೆಂಟ, ಗಾತ್ರದಲ್ಲಿ ಒಂದು ಕೈ ಮೇಲೆ. ದೊಡ್ಡ ಗಂಡು 300 ಕೆ.ಜಿ. ದಾಟುತ್ತದೆ. ಅಮೆರಿಕದ ಬೇರೆ ಯಾವ ರಾಜ್ಯಕ್ಕಿಂತಲೂ ಕೊಲರಾಡೊದಲ್ಲಿ ಇವು ಜಾಸ್ತಿ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮಾತ್ರ ಇಲ್ಲೂ ಹೆಚ್ಚುಕಡಿಮೆ ಮುಗಿದೇಹೋಗಿದ್ದವು. ಆಮೇಲೆ ಪಕ್ಕದ ವಯೋಮಿಂಗ್‌ನಿಂದ ತಂದು ಬಿಟ್ಟರು, ಶಿಕಾರಿಗೆ ಲೆಕ್ಕ ಇಟ್ಟರು. ಇಲ್ಲಿ ಮಾರುವ ಉದ್ದ ಕೋವಿ ಮತ್ತು ತೋಟೆಗಳ ಮೇಲೆ 11% ತೆರಿಗೆ ಇದೆ. 1937ರ ಕಾನೂನಿನ ಪ್ರಕಾರ ಆ ದುಡ್ಡು ಕಾಡುಪ್ರಾಣಿಗಳ ಕೆಲಸಕ್ಕೇ ಹೋಗುತ್ತದೆ.

ಇದನ್ನೆಲ್ಲ ಕೊಪ್ಪದಲ್ಲಿರುವ ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ಹೇಳಿದೆ. ಅಮ್ಮನ ತಲೆಗೆ ಹೋಗಿದ್ದು ಒಂದೇ. "ಶಿಕಾರಿನಾ? ಪೊಲೀಸರು ಹಿಡಿಯಲ್ವಾ?" ನಮ್ಮಜ್ಜನ ಕೋವಿಗೆ 1972ರ ವನ್ಯಜೀವಿ ರಕ್ಷಣೆ ಕಾನೂನು ಬಂದ ಮೇಲೆ ಕೆಲಸ ಇಲ್ಲದೆ ಹೋಯಿತು. ಅಟ್ಟದಲ್ಲಿ ಎಣ್ಣೆ ಬಟ್ಟೆ ಸುತ್ತಿ ಇಟ್ಟಿದ್ದನ್ನು ನಾನು ನೋಡಿದ್ದೇನೆ, ಅದರ ಸದ್ದು ಕೇಳಿಲ್ಲ. ಕಾಡು ಸೋವುವುದು, ಮರದ ಮೇಲೆ ಅಟ್ಟಣೆ ಕಟ್ಟಿ ಕೂರುವುದು, ಎಲ್ಲ ನನಗೆ ಬರೀ ಕತೆ. ಅಂದರೆ ಶಿಕಾರಿಯ ಮನೆಯಲ್ಲಿ ಹುಟ್ಟಿಯೂ ಏನೂ ಗೊತ್ತಿಲ್ಲದವನು ನಾನು.

ಮೊದಲ ಪ್ರಶ್ನೆ: ಗೈಡ್ ಜೊತೆ ಹೋಗುವುದಾ, ನಾವೇ ಹೋಗುವುದಾ? ಎರಡು ಮೂರು ಔಟ್‌ಫಿಟರ್‌ಗಳಿಗೆ ಫೋನ್ ಮಾಡಿದೆ. ಔಟ್‌ಫಿಟರ್ ಅಂದರೆ ಟೆಂಟು, ಕುದುರೆ, ಅಡುಗೆ, ಗೈಡ್ ಎಲ್ಲ ಒದಗಿಸುವವರು. ಕೊಲರಾಡೊದಲ್ಲಿ ಅವರು ರಾಜ್ಯದಲ್ಲಿ ನೋಂದಣಿ ಮಾಡಿಸಿರಬೇಕು. ಸರ್ಕಾರಿ ಕಾಡಿಗೆ ಕರೆದುಕೊಂಡು ಹೋಗಲು ಅರಣ್ಯ ಇಲಾಖೆಯ ಪರ್ಮಿಟ್ ಬೇರೆ. ಮುಂಗಡ ಕಳಿಸುವ ಮೊದಲು ಈ ಎರಡನ್ನೂ ಕೇಳಲೇಬೇಕು. ಒಬ್ಬ ಗೈಡ್‌ಗೆ ಎಷ್ಟು ಜನ, ಕುದುರೆ ಎಷ್ಟು, ಮಾಂಸ ಇಳಿಸುವುದು ಅದೇ ದುಡ್ಡಿನಲ್ಲಾ ಅಂತಲೂ ಕೇಳಿ. ಪೂರಾ ಗೈಡ್ ಜೊತೆಗಾದರೆ ಒಬ್ಬರಿಗೆ 5,000 ಡಾಲರ್‌ಗಿಂತ ಮೇಲೇ ಹೇಳಿದರು. ಡ್ರಾಪ್ ಕ್ಯಾಂಪ್ ಅಂತ ಇನ್ನೊಂದಿದೆ. ಕುದುರೆಯಲ್ಲಿ ಸಾಮಾನು ಹೊತ್ತು, ನಮ್ಮನ್ನು ಟೆಂಟಿನಲ್ಲಿ ಬಿಟ್ಟು, ವಾರ ಕಳೆದ ಮೇಲೆ ಮತ್ತೆ ಬರುತ್ತಾರೆ. ಅದಕ್ಕೆ ಸುಮಾರು ಅರ್ಧ.

ವಯೋಮಿಂಗ್ ಕೂಡ ಯೋಚಿಸಿದ್ದೆವು. ಅಲ್ಲಿ ಹೊರರಾಜ್ಯದವರು ವಿಲ್ಡರ್‌ನೆಸ್ ಅಂತ ಘೋಷಿಸಿದ ಕಾಡಿನಲ್ಲಿ ದೊಡ್ಡ ಪ್ರಾಣಿಯ ಶಿಕಾರಿ ಮಾಡಬೇಕಾದರೆ ಗೈಡ್ ಅಥವಾ ಅಲ್ಲಿನ ನಿವಾಸಿ ಜೊತೆಗಿರಲೇಬೇಕು. ಸುಮ್ನೆ ನಡೆದಾಡಲು ಬೇಡ, ಕೋವಿ ಹಿಡಿದರೆ ಬೇಕು. ಕೊಲರಾಡೊದಲ್ಲಿ ಆ ಕಟ್ಟಳೆ ಇಲ್ಲ.

ಫೋನಿನಲ್ಲಿ ಸಿಕ್ಕ ಒಬ್ಬ ಔಟ್‌ಫಿಟರ್ ಮಾತ್ರ ನನಗೇ ಪ್ರಶ್ನೆ ಹಾಕಿದರು. "ಎಲ್ಕ್ ಬಿದ್ದ ಮೇಲೆ ನಿಮ್ಮ ಪ್ಲಾನ್ ಏನು?" ನಾನು ತಡವರಿಸಿದೆ. ಅವರು ಲೆಕ್ಕ ಹೇಳಿದರು. ಹಿಂಗಾಲು ಒಂದೊಂದೂ 25ರಿಂದ 30 ಕೆ.ಜಿ. ಮುಂಗಾಲು ಎರಡು, ಬೆನ್ನಿನ ಮಾಂಸ, ಕುತ್ತಿಗೆ, ತಲೆ. ಐದಾರು ಹೊರೆ. ಕೊಂಬು ಬೇಕಾದರೆ ಬಿಟ್ಟು ಬರಬಹುದು, ತಿನ್ನುವ ಮಾಂಸ ಬಿಟ್ಟು ಬಂದರೆ ಅಪರಾಧ. ಇಬ್ಬರಿದ್ದರೆ ತಲಾ ಮೂರು ಸಲ. ಗಾಡಿಯಿಂದ 3 ಕಿ.ಮೀ. ದೂರದಲ್ಲಿ ಬಿದ್ದರೆ ಮೂರು ಸಲ ಹೊತ್ತು ತರುವುದು, ನಡುವೆ ಎರಡು ಸಲ ಖಾಲಿ ಹೋಗುವುದು, ಒಟ್ಟು 15 ಕಿ.ಮೀ. ಅದೂ 10,000 ಅಡಿ ಎತ್ತರದಲ್ಲಿ.

ಭಾವನಿಗೆ ಹೇಳಿದೆ. "ಹೊಡೆಯೋದು ಸರಿ, ಹೊರೋರು ಯಾರು?"

"ಮೊದಲು ಬೀಳಲಿ ಮಾರಾಯ, ಆಮೇಲೆ ನೋಡಿದ್ರಾಯ್ತು" ಅಂದರು.

ಕೊನೆಗೆ ನಾವಿಬ್ಬರೇ ಹೋಗುವುದು ಅಂತಾಯಿತು. ದುಡ್ಡು ಒಂದು ಕಾರಣ. ನಾವೇ ಹುಡುಕಬೇಕು ಅನ್ನುವ ಹಟ ಇನ್ನೊಂದು. ಆದರೆ ಒಂದು ಷರತ್ತು ಹಾಕಿದೆ. ಟ್ರೇಲ್ ಶುರುವಾಗುವ ಜಾಗದಿಂದ 3 ಕಿ.ಮೀ. ಗೆರೆ ಎಳೆಯೋಣ, ಅದರಾಚೆ ಈಡು ಹೊಡೆಯುವುದು ಬೇಡ. ಭಾವ ಹೂಂ ಅಂದರು, ಫೋನಿನಲ್ಲಿ ಹೂಂ ಅನ್ನುವುದು ಸುಲಭ ಅಲ್ವಾ?

ಟ್ಯಾಗ್ ಅಂದರೆ ಒಂದು ಪ್ರಾಣಿ ಹೊಡೆಯಲು ಕೊಡುವ ಪರವಾನಗಿ. ಕೊಲರಾಡೊದ ಒಳ್ಳೆಯ ಟ್ಯಾಗ್‌ಗಳೆಲ್ಲ ಲಾಟರಿಯಲ್ಲಿ. ಅದಕ್ಕೆ ಏಪ್ರಿಲ್ ಮೊದಲ ವಾರದೊಳಗೆ ಅರ್ಜಿ ಹಾಕಬೇಕು. ನಾವು ಅದನ್ನು ತಪ್ಪಿಸಿಕೊಂಡೆವು. ಆದರೆ ಅಕ್ಟೋಬರ್ ಕೊನೆಯ ಎರಡನೇ ರೈಫಲ್ ಸೀಸನ್‌ಗೆ ಗಂಡು ಎಲ್ಕ್ ಟ್ಯಾಗನ್ನು ಆಗಸ್ಟ್‌ನಲ್ಲಿ ಅಂಗಡಿಯಲ್ಲೇ ಕೊಳ್ಳಬಹುದಿತ್ತು. ನಾನು ಇಲ್ಲಿನ ನಿವಾಸಿ, 100 ಡಾಲರ್ ಒಳಗೆ ಮುಗಿಯಿತು. ಭಾವ ಟೆಕ್ಸಾಸ್‌ನವರು, 700 ಡಾಲರ್ ದಾಟಿತು. ನಿಯಮ ವರ್ಷ ವರ್ಷ ಬದಲಾಗುತ್ತದೆ, ಆಯಾ ವರ್ಷದ ಪುಸ್ತಿಕೆ ಓದಿಕೊಳ್ಳಿ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರೆಲ್ಲ ಹಂಟರ್ ಎಜುಕೇಷನ್ ಪಾಸಾಗಿರಬೇಕು. ನನ್ನ ತರಗತಿಯಲ್ಲಿ ಹೆಚ್ಚಿನವರು ಹತ್ತು ಹನ್ನೆರಡು ವರ್ಷದ ಮಕ್ಕಳು, ಉತ್ತರ ನನಗಿಂತ ಬೇಗ ಹೇಳುತ್ತಿದ್ದರು. ನಮ್ಮಿಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಎಚ್-1ಬಿ ವೀಸಾದವರಿಗೆ ಇಲ್ಲಿ ಕೋವಿ ಇಟ್ಟುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ರಾಜ್ಯದ ಶಿಕಾರಿ ಲೈಸೆನ್ಸ್ ಇದ್ದವರಿಗೆ ವಿನಾಯ್ತಿ ಇದೆ. ಆದರೂ ವಕೀಲರನ್ನು ಕೇಳದೆ ಕೋವಿ ಮುಟ್ಟಬೇಡಿ.

ಬೇಸಿಗೆಯಿಡೀ ನನ್ನ ಕೆಲಸ ಎರಡು. ವಾರಕ್ಕೊಮ್ಮೆ ರೇಂಜ್‌ನಲ್ಲಿ ಗುರಿ ಅಭ್ಯಾಸ. ಉಳಿದ ದಿನ ಬ್ಯಾಗಿನಲ್ಲಿ 20 ಕೆ.ಜಿ. ಸೋನಾ ಮಸೂರಿ ಅಕ್ಕಿ ಮೂಟೆ ಹಾಕಿಕೊಂಡು ಮನೆ ಹಿಂದಿನ ಗುಡ್ಡ ಹತ್ತುವುದು. ಪಕ್ಕದ ಮನೆಯ ತೆಲುಗಿನವರು ದಿನಾ ನೋಡಿ ನೋಡಿ, ಕೊನೆಗೆ ಕಾರು ಕೆಟ್ಟಿದೆಯಾ ಅಂತ ಕೇಳಿದರು.

ಅಕ್ಟೋಬರ್‌ನಲ್ಲಿ ಭಾವ ಡಲ್ಲಾಸ್‌ನಿಂದ ಒಂದಿಡೀ ದಿನ ಗಾಡಿ ಓಡಿಸಿಕೊಂಡು ಡೆನ್ವರ್‌ಗೆ ಬಂದರು. ಪಿಕಪ್ ಹಿಂದೆ ಹೊಳೆಯುವ ಹೊಸ ಕೈಗಾಡಿ, ಎರಡು ದೊಡ್ಡ ಚಕ್ರದ್ದು. "ನೋಡು, ಹೊರೋರು ಯಾರು ಅಂತಿದ್ದೆಯಲ್ಲ." ನನಗೆ ಹೇಳಲು ಬಾಯಿ ಬರಲಿಲ್ಲ. ನಾವು ಹೊರಟಿದ್ದು ಫ್ಲಾಟ್ ಟಾಪ್ಸ್ ವಿಲ್ಡರ್‌ನೆಸ್‌ಗೆ. ವಿಲ್ಡರ್‌ನೆಸ್ ಒಳಗೆ ಚಕ್ರ ಇರುವ ಗಾಡಿ ತರುವ ಹಾಗಿಲ್ಲ. ಸೈಕಲ್ಲೂ ಇಲ್ಲ, ಮೋಟಾರ್ ಗರಗಸವೂ ಇಲ್ಲ. ಗ್ಲೆನ್‌ವುಡ್ ಕಣಿವೆ ದಾಟಿದ ಮೇಲೆ ಹೇಳಿದೆ. ರೈಫಲ್ ಅನ್ನುವ ಊರು ಬರುವವರೆಗೂ ಅವರು ಮಾತಾಡಲಿಲ್ಲ. ಊರಿನ ಹೆಸರಿನ ಬೋರ್ಡ್ ನೋಡಿದ ಮೇಲೆ ನಗು ಬಂತು.

ಅಲ್ಲಿಂದ ಉತ್ತರಕ್ಕೆ ಮೀಕರ್. ಒಂದು ಕಾಲಕ್ಕೆ ಇದೆಲ್ಲ ಯೂಟ್ ಜನರ ನೆಲ. ಅವರನ್ನು ಬೇಸಾಯಕ್ಕೆ ಹಚ್ಚಲು ಹೊರಟ ಸರ್ಕಾರಿ ಏಜೆಂಟ್ ನೇಥನ್ ಮೀಕರ್ 1879ರಲ್ಲಿ ಅವರ ಕೈಯಲ್ಲೇ ಸತ್ತ. ಆಮೇಲೆ ಯೂಟ್ ಜನರನ್ನು ಯೂಟಾದ ಕಡೆಗೆ ಓಡಿಸಿದರು. ಊರಿಗೆ ಮಾತ್ರ ಅವನ ಹೆಸರೇ ಉಳಿಯಿತು. 1901ರಲ್ಲಿ ಥಿಯೊಡರ್ ರೂಸ್‌ವೆಲ್ಟ್ ಇದೇ ಊರಿನ ಸುತ್ತ ಕೂಗರ್ ಅನ್ನುವ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಯ ಶಿಕಾರಿಗೆ ಬಂದಿದ್ದರು. ಈಗ ಆ ವಾರ ಊರಿನ ಬೀದಿಯೆಲ್ಲ ಕಿತ್ತಳೆ ಬಣ್ಣ. ರೈಫಲ್ ಸೀಸನ್‌ನಲ್ಲಿ ಮೈಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಬಟ್ಟೆ, ತಲೆಗೆ ಅದೇ ಬಣ್ಣದ ಟೋಪಿ ಕಡ್ಡಾಯ. ಗುಲಾಬಿ ಬಣ್ಣವೂ ನಡೆಯುತ್ತದೆ. ಭಾವ ಅದನ್ನೇ ತಂದಿದ್ದರು, ಅಕ್ಕ ಆರಿಸಿದ್ದಂತೆ.

ವೈಟ್ ರಿವರ್ ಜೊತೆಯಲ್ಲೇ ಪೂರ್ವಕ್ಕೆ ಹೋದರೆ ಕೊನೆಗೆ ಟ್ರ್ಯಾಪರ್ಸ್ ಲೇಕ್. ಸುಮಾರು 9,600 ಅಡಿ. ಸುತ್ತ ಗೋಡೆಯಂತೆ ನಿಂತ ಬಂಡೆ, ಮೇಲೆ ಚಪ್ಪಟೆ ಬಯಲು. 2002ರ ಬೆಂಕಿಯಲ್ಲಿ ಸುಟ್ಟ ಮರಗಳು ಇನ್ನೂ ಬೂದು ಕಂಬಗಳ ಹಾಗೆ ನಿಂತಿವೆ, ಬಿದ್ದವು ಅಡಕೆ ದಬ್ಬೆ ಹರಡಿದ ಹಾಗೆ ಅಡ್ಡಾದಿಡ್ಡಿ. ಮೊದಲ ರಾತ್ರಿ ಇಬ್ಬರಿಗೂ ತಲೆನೋವು, ಎತ್ತರದ ಕಾಟ. ಸೀಸನ್‌ಗೆ ಎರಡು ದಿನ ಮೊದಲೇ ಬಂದಿದ್ದು ಒಳ್ಳೆಯದಾಯಿತು. ಬೆಳಗ್ಗೆ ನೀರಿನ ಬಾಟಲಿ ಕಲ್ಲಾಗಿತ್ತು. ಅವಲಕ್ಕಿಗೆ ಬಿಸಿನೀರು ಹಾಕಿ ಚಟ್ನಿಪುಡಿ ಕಲಸಿ ತಿಂದೆವು.

ಮೊದಲ ಮೂರು ದಿನ ಎಲ್ಕ್‌ನ ಹಿಕ್ಕೆ, ಹೆಜ್ಜೆ, ವಾಸನೆ ಸಿಕ್ಕಿತು. ಎಲ್ಕ್ ಸಿಗಲಿಲ್ಲ. ರಾತ್ರಿ ಬಯಲಲ್ಲಿ ಮೇಯುತ್ತವೆ, ಬೆಳಕು ಹರಿಯುವ ಮೊದಲೇ ಉತ್ತರ ದಿಕ್ಕಿನ ದಟ್ಟ ಕಾಡಿಗೆ ಸೇರಿ ಮಲಗುತ್ತವೆ. ಗಾಳಿಯೇ ದೊಡ್ಡ ಶತ್ರು. ಬೆಳಗ್ಗೆ ತಂಪು ಗಾಳಿ ಕೆಳಗಿಳಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ, ಸಂಜೆ ಮತ್ತೆ ಕೆಳಕ್ಕೆ. ಎರಡನೇ ದಿನ ಒಂದು ಹಿಂಡಿನ ತೀರಾ ಹತ್ತಿರ ಹೋಗಿದ್ದೆವು. ಕತ್ತಿನ ಹಿಂದೆ ತಣ್ಣಗಾಯಿತು, ಗಾಳಿ ತಿರುಗಿತ್ತು. ಕೊಂಬೆ ಮುರಿಯುವ ಸದ್ದು ಬಿಟ್ಟರೆ ಏನೂ ಕಾಣಲಿಲ್ಲ. ಒಟ್ಟಾರೆ ಈ ರಾಜ್ಯದಲ್ಲಿ ಐದು ಜನರಲ್ಲಿ ಒಬ್ಬರಿಗೆ ಎಲ್ಕ್ ಸಿಕ್ಕರೆ ಹೆಚ್ಚು.

ನಾಲ್ಕನೇ ದಿನ ಸಂಜೆ ನಮ್ಮ ಗೆರೆ ದಾಟಿದ್ದೆವು. ಹೆಜ್ಜೆ ಹಿಡಿದು ಹೋಗುವಾಗ ಮ್ಯಾಪ್ ಯಾರು ನೋಡುತ್ತಾರೆ? ಬಂಡೆಯ ಅಂಚಿಗೆ ಬಂದು ಕೆಳಗೆ ನೋಡಿದರೆ ಕೊರಕಲಿನ ತಳದಲ್ಲಿ ಒಂದು ಗಂಡು, ಒಂದೇ, ಪಕ್ಕ ತಿರುಗಿ ನಿಂತಿತ್ತು. ಬೈನಾಕ್ಯುಲರ್‌ನಲ್ಲಿ ಕವಲು ಎಣಿಸಿದೆ. ಒಂದು ಕೊಂಬಿನಲ್ಲಿ ಕನಿಷ್ಠ 4 ಕವಲು ಇರಬೇಕು ಅಥವಾ ಬುಡದ ಕವಲು 5 ಇಂಚು ಇರಬೇಕು. ಇದಕ್ಕೆ 5 ಕವಲು. ದೂರ 180 ಗಜ. ಭಾವ ಬ್ಯಾಗಿನ ಮೇಲೆ ಕೋವಿ ಊರಿ ಮಲಗಿದರು. ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಹೊಡೆಯಬಹುದು, ಇನ್ನೂ ಹತ್ತು ನಿಮಿಷ ಇತ್ತು. ನಾನು ಉಸಿರು ಹಿಡಿದೆ.

ಈಡು ಕೇಳಲಿಲ್ಲ. ಭಾವ ಕಣ್ಣು ತೆಗೆಯದೆ ಕೆಳಗಿನ ಇಳಿಜಾರು ನೋಡುತ್ತಿದ್ದರು. ಬಿದ್ದ ಮರ, ಅದರ ಮೇಲೆ ಮರ, ನಡುವೆ ಜಾರುವ ಕಲ್ಲು. ಪಿಸುಗುಟ್ಟಿದರು. "ಹೊರೋರು ಯಾರು ಮಾರಾಯ?"

ಅದು ಇನ್ನೂ ಐದು ನಿಮಿಷ ಮೇಯಿತು. ಆಮೇಲೆ ಕತ್ತಲಾಯಿತು.

ಕ್ಯಾಂಪಿಗೆ ಬಂದಾಗ ಪಕ್ಕದ ಟೆಂಟಿನ ಅಜ್ಜ ಲಾಟೀನು ಹಿಡಿದು ಕಾಯುತ್ತಿದ್ದರು. ನೆಬ್ರಾಸ್ಕದವರು, ವಯಸ್ಸು 70 ದಾಟಿದೆ. ಮಧ್ಯಾಹ್ನ ಅವರು ಎಲ್ಕ್ ಹೊಡೆದಿದ್ದರು, ಟ್ರೇಲ್‌ನಿಂದ ಒಂದೂವರೆ ಕಿ.ಮೀ. ಜೊತೆಗಿದ್ದ ಮೊಮ್ಮಗನ ಪಾದ ಉಳುಕಿದೆ. "ಬೆಳಗ್ಗೆ ಸ್ವಲ್ಪ ಕೈ ಹಾಕ್ತೀರಾ?"

ಹಾಕಿದೆವು. ಅಜ್ಜ ಹೊಟ್ಟೆ ಸೀಳದೇ ಒಂದು ಮಗ್ಗುಲ ಚರ್ಮ ಬಿಡಿಸಿ, ಕಾಲು ತೆಗೆದು, ತಿರುಗಿಸಿ ಇನ್ನೊಂದು ಮಗ್ಗುಲು ಮಾಡಿಟ್ಟಿದ್ದರು. ಕಾಲುಗಳು ಬಟ್ಟೆ ಚೀಲದಲ್ಲಿ, ಕರಡಿಗೆ ಎಟುಕದ ಎತ್ತರಕ್ಕೆ ಮರದಲ್ಲಿ ನೇತಾಡುತ್ತಿದ್ದವು. ಭಾವ ಮೊದಲ ಹಿಂಗಾಲು ಬೆನ್ನಿಗೆ ಕಟ್ಟಿಕೊಂಡರು. ಮೊದಲ ನೂರು ಹೆಜ್ಜೆ ಜೋಕು ಹೇಳಿದರು. ಆಮೇಲೆ ಅವರ ಉಸಿರು ಬಿಟ್ಟು ಬೇರೇನೂ ಕೇಳಲಿಲ್ಲ. ಸೋನಾ ಮಸೂರಿ ಬೆನ್ನಿಗೆ ಒರಗಿ ಕೂರುತ್ತದೆ, ಎಲ್ಕ್‌ನ ಕಾಲು ಹಾಗಲ್ಲ, ಪ್ರತಿ ಹೆಜ್ಜೆಗೂ ತೂಗಿ ಎಳೆಯುತ್ತದೆ. ಮೂರನೇ ಸಲ ಇಳಿದು ಬರುವಾಗ ಭಾವ ಬಿದ್ದ ಮರದ ಮೇಲೆ ಕೂತುಬಿಟ್ಟರು. "ಅಜ್ಜ ಮಾಂಸ ಕೊಡದಿದ್ರೂ ಅಡ್ಡಿ ಇಲ್ಲ, ನನಗೆ ಒಂದು ಜೊತೆ ಮಂಡಿ ಕೊಟ್ರೆ ಸಾಕು."

ಅಜ್ಜ ಬೆನ್ನಿನ ಮಾಂಸದಲ್ಲಿ ಒಂದು ದೊಡ್ಡ ತುಂಡು ಕೊಟ್ಟರು. ದಾರಿಯಲ್ಲಿ ಯಾರಾದರೂ ಕೇಳಿದರೆ ಇರಲಿ ಅಂತ ತಮ್ಮ ಹೆಸರು, ಲೈಸೆನ್ಸ್ ನಂಬರ್, ತೂಕ, ತಾರೀಕು ಬರೆದ ಚೀಟಿಯನ್ನೂ ಕೊಟ್ಟರು. ಭಾವ ಕೈಗಾಡಿಯನ್ನು ಅವರಿಗೇ ಒಪ್ಪಿಸಿದರು. ಊರಲ್ಲಿ ಅವರದು ಸ್ವಂತ ಹೊಲ, ಅಲ್ಲಿ ಚಕ್ರಕ್ಕೆ ಯಾರ ಅಡ್ಡಿಯೂ ಇಲ್ಲ.

ಎಲ್ಕ್‌ನ ತಲೆಯನ್ನು ಅಜ್ಜ ಮೀಕರ್‌ನಲ್ಲಿ ಪರೀಕ್ಷೆಗೆ ಕೊಟ್ಟಿದ್ದರು. ಸಿಡಬ್ಲ್ಯುಡಿ ಅನ್ನುವ ಮಿದುಳಿನ ರೋಗ ಈ ಜಿಂಕೆ ಜಾತಿಗಳಲ್ಲಿದೆ. ರೋಗ ಕಂಡರೆ ತಿನ್ನಬೇಡಿ ಅನ್ನುತ್ತಾರೆ. ಅದಕ್ಕೇ ತುಂಡು ನಮ್ಮ ಫ್ರೀಜರ್‌ನಲ್ಲಿ ಕಾದಿತು. ಮೂರು ವಾರದ ಮೇಲೆ ಅಜ್ಜನ ಮೆಸೇಜ್ ಬಂತು, ರೋಗ ಇಲ್ಲ.

ಆ ಭಾನುವಾರ ಬಾಣಲೆ ಮುಂದೆ ಫೋನ್ ನಿಲ್ಲಿಸಿ ಅಮ್ಮನಿಗೆ ಕಾಲ್ ಮಾಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ತುಂಡುಗಳನ್ನು ನೋಡಿದರು.

"ಕಡವೆ ತರಾನೇ ಇದೆ. ಕೊಬ್ಬು ಇದ್ಯಾ?"

"ಇಲ್ಲಮ್ಮ, ಒಂಚೂರೂ ಇಲ್ಲ."

"ಹಾಗಾದ್ರೆ ಎಣ್ಣೆ ಇನ್ನೊಂದು ಚಮಚ ಹಾಕು. ಕಾಳುಮೆಣಸು ಆಮೇಲೆ. ನೀನೇ ಹೊಡೆದಿದ್ದಾ?"

"ಇಲ್ಲ. ಹೊತ್ತಿದ್ದು."