ಮೇಡಂ ಬಗ್ಗೆ ಬರೆಯೋಕೆ 500 ಅಕ್ಷರ

ಫೆಬ್ರವರಿ ಬಂತು ಅಂದರೆ ನನ್ನ ಇನ್‌ಬಾಕ್ಸ್ ತುಂಬ ಅಭಿನಂದನೆಗಳು. "ತಂತ್ರಜ್ಞಾನ ಕ್ಷೇತ್ರದ ಪ್ರಭಾವಿ ಮಹಿಳೆಯರ ಪಟ್ಟಿಗೆ ನೀವು ಆಯ್ಕೆಯಾಗಿದ್ದೀರಿ!" ಯಾರು ಆಯ್ಕೆ ಮಾಡಿದರು, ನನ್ನ ಯಾವ ಕೆಲಸ ನೋಡಿ ಮಾಡಿದರು, ಅದೆಲ್ಲ ಇರುವುದಿಲ್ಲ. ಕೆಳಗೆ ಇಳಿದರೆ ಸಿಲ್ವರ್, ಗೋಲ್ಡ್, ಪ್ಲಾಟಿನಂ ಪ್ಯಾಕೇಜ್. ಪ್ಲಾಟಿನಂ ತಗೊಂಡರೆ ವೇದಿಕೆ ಮೇಲೆ ಎರಡು ನಿಮಿಷ ಮಾತಾಡಬಹುದು, ಮ್ಯಾಗಜೀನಿನಲ್ಲಿ ಫೋಟೊ ಬರುತ್ತದೆ. ಜಿಎಸ್‌ಟಿ ಬೇರೆ. ನನ್ನ ಯಜಮಾನರು ಆ ಮೇಲ್ ನೋಡಿ, "ಇಷ್ಟೊಂದು ಪ್ರಭಾವಿ ಆಗಿದ್ದೂ ಅಪಾರ್ಟ್‌ಮೆಂಟ್ ಲಿಫ್ಟ್ ರಿಪೇರಿ ಮಾಡಿಸೋಕೆ ಆಗ್ಲಿಲ್ವಲ್ಲ" ಅಂದರು.

ಇಂಥ ಮೇಲ್‌ಗಳನ್ನು ಡಿಲೀಟ್ ಮಾಡಿ ಮರೆಯಬಹುದು. ತಲೆನೋವು ಇರೋದು ನಿಜವಾದ ಪ್ರಶಸ್ತಿಗಳದ್ದು. ನಮ್ಮ ಆಫೀಸಿನಲ್ಲಿ ಮಹಿಳಾ ದಿನಕ್ಕೆ ಎರಡು ಪ್ರಶಸ್ತಿ ಕೊಡುತ್ತಾರೆ. ಒಂದು ಲೀಡರ್‌ಗೆ, ಇನ್ನೊಂದು ಮೆಂಟರ್‌ಗೆ, ಅಂದರೆ ಕಿರಿಯರನ್ನು ತಿದ್ದಿ ಬೆಳೆಸುವವರಿಗೆ. ಬಂದ ಅರ್ಜಿ ಓದುವ ಕಮಿಟಿಯಲ್ಲಿ ನಾನೂ ಇದ್ದೇನೆ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲೇ ತಲೆಕೂದಲು ಬೆಳ್ಳಗಾಗಿಸಿಕೊಂಡವಳು ನಾನು. ಕೊರತೆ ಹುಡುಕೋದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಬಹುಶಃ ಅದಕ್ಕೇ ಸೇರಿಸಿಕೊಂಡಿರಬೇಕು.

ಲೀಡರ್ ಅರ್ಜಿಗಳಲ್ಲಿ ಅಂಕಿಅಂಶ ಇರುತ್ತದೆ. ಇಷ್ಟು ಜನರ ತಂಡ, ಇಷ್ಟು ರಿಲೀಸ್, ಗ್ರಾಹಕರಿಗೆ ಇಷ್ಟು ಉಳಿತಾಯ. ಸುಳ್ಳೋ ನಿಜವೋ, ಪರೀಕ್ಷೆ ಮಾಡಬಹುದು. ಮೆಂಟರ್ ಅರ್ಜಿಗಳಲ್ಲಿ ಬರೀ ವಿಶೇಷಣ. ಪ್ಯಾಷನೇಟ್, ಡೈನಮಿಕ್, ಇನ್‌ಸ್ಪೈರಿಂಗ್. ಹೆಸರು ಮುಚ್ಚಿ ಓದಿದರೆ ಎಲ್ಲ ಒಬ್ಬಳೇ ಹೆಂಗಸಿನ ಬಗ್ಗೆ ಬರೆದ ಹಾಗಿರುತ್ತದೆ. ಈಚೆಗಂತೂ ಅರ್ಧಕ್ಕರ್ಧ ಅರ್ಜಿ ಚಾಟ್‌ಜಿಪಿಟಿ ಕೈಯಲ್ಲಿ ಬರೆಸಿದ್ದು ಅಂತ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. "ಇಂಪ್ಯಾಕ್ಟ್" ಅಂತ ಒಂದು ಕಾಲಂ ಇದೆ, 500 ಅಕ್ಷರ ಮಿತಿ. ಅಲ್ಲಿ ಏನು ಬರೆಯಬೇಕು ಅಂತ ಪಾಪ ಯಾರಿಗೂ ತೋಚುವುದಿಲ್ಲ. ಯಾಕೆ ಅಂದರೆ ಮೆಂಟರ್ ಮಾಡಿದ ಕೆಲಸ ಯಾವಾಗಲೂ ಬೇರೆಯವರ ಖಾತೆಗೆ ಜಮೆ ಆಗಿರುತ್ತದೆ. ನಮ್ಮ ಆಫೀಸಿನ ಒಬ್ಬ ಮೇಡಂ ಕಥೆಯೂ ಇದೇ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಕಂಪ್ಯೂಟರ್ ಲೋಕದ ಪ್ರಶಸ್ತಿಗಳ ಚರಿತ್ರೆಯೇ ಒಂಥರಾ ತಮಾಷೆ. 1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ದೊಡ್ಡ ಕಂಪ್ಯೂಟರ್ ಜನರಿಗೆ ತೋರಿಸಿದರು. ಅದಕ್ಕೆ ಪ್ರೋಗ್ರಾಂ ಮಾಡಿದವರು 6 ಜನ ಹೆಂಗಸರು. ಆ ದಿನದ ಪ್ರದರ್ಶನಕ್ಕೆ ಲೆಕ್ಕ ಹೂಡಿ ಕೊಟ್ಟದ್ದೂ ಅವರದೇ ತಂಡ. ಸಂಜೆ ಊಟದ ಕೂಟಕ್ಕೆ ಅವರನ್ನು ಕರೆಯಲಿಲ್ಲ. ಎಷ್ಟೋ ವರ್ಷ ಆದಮೇಲೆ, 1980ರ ದಶಕದಲ್ಲಿ, ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೇ ಫೋಟೊ ನೋಡಿ, ಮಷೀನ್ ಪಕ್ಕ ನಿಂತಿರುವ ಈ ಹೆಂಗಸರು ಯಾರು ಅಂತ ಕೇಳಿದಾಗ ಸಿಕ್ಕಿದ ಉತ್ತರ: ಮಾಡೆಲ್‌ಗಳು, ಫ್ರಿಜ್ ಜಾಹೀರಾತಿನಲ್ಲಿ ನಿಲ್ಲಿಸುತ್ತಾರಲ್ಲ, ಹಾಗೆ! ಕೊನೆಗೆ 1997ರಲ್ಲಿ 'ವಿಮೆನ್ ಇನ್ ಟೆಕ್ನಾಲಜಿ ಇಂಟರ್‌ನ್ಯಾಷನಲ್' ಸಂಸ್ಥೆ ಆರೂ ಜನರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಅವರಲ್ಲೊಬ್ಬರಾದ ರುತ್ ಟೈಟಲ್‌ಬಾಮ್ ತೀರಿಕೊಂಡು 11 ವರ್ಷ ಆಗಿತ್ತು.

ಗ್ರೇಸ್ ಹಾಪರ್ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕದ ನೌಕಾಪಡೆಯ ಅಧಿಕಾರಿಯೂ ಆಗಿದ್ದ ಈ ಹೆಂಗಸು 1952ರಲ್ಲೇ ಕಂಪೈಲರ್ ಬರೆದವರು. ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್ ಕೆಲಸ. ಅವರ ಫ್ಲೋ-ಮ್ಯಾಟಿಕ್ ಭಾಷೆಯ ಬುನಾದಿ ಮೇಲೆ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಎದ್ದು ನಿಂತಿತು. 2000ನೇ ಇಸವಿ ಬಂದರೆ ಹಳೇ ಪ್ರೋಗ್ರಾಂಗಳು ಕೆಡುತ್ತವೆ ಅಂತ ತಿದ್ದಿಸುತ್ತಿದ್ದ ವೈಟುಕೆ ಕಾಲದಲ್ಲಿ ಬೆಂಗಳೂರಿನ ಎಷ್ಟೋ ಮನೆ ಮುಂದೆ ಮೊದಲ ಕಾರು ಬಂದು ನಿಂತದ್ದು ಕೋಬಾಲ್ ದಯೆಯಿಂದ. ಇಂಥ ಹಾಪರ್‌ಗೆ 1969ರಲ್ಲಿ ಡೇಟಾ ಪ್ರೊಸೆಸಿಂಗ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಒಂದು ಹೊಸ ಪ್ರಶಸ್ತಿ ಕೊಟ್ಟಿತು. ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಪ್ರಶಸ್ತಿಯ ಹೆಸರು 'ಮ್ಯಾನ್ ಆಫ್ ದ ಇಯರ್'. ಎರಡು ವರ್ಷ ಬಿಟ್ಟು, ಯುವ ಕಂಪ್ಯೂಟರ್ ತಜ್ಞರಿಗೆ ಅಂತ ಹಾಪರ್ ಹೆಸರಲ್ಲೇ ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಸ್ಥೆ ಪ್ರಶಸ್ತಿ ಶುರು ಮಾಡಿತು. 1971ರಲ್ಲಿ ಮೊದಲು ಪಡೆದವರು ಒಬ್ಬ ಗಂಡಸು, ಹೆಸರಾಂತ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. ಕ್ನೂತ್‌ಗೆ ಕೊಟ್ಟದ್ದು ತಪ್ಪು ಅಂತ ಯಾರು ತಾನೇ ಹೇಳುತ್ತಾರೆ? ಆದರೂ ನಗು ಬರುತ್ತದೆ, ಅಲ್ವಾ?

ನನಗೆ ಹಾಪರ್ ಇಷ್ಟ ಆಗೋದು ಪಾಠ ಮಾಡುವ ರೀತಿಗೆ. ಭಾಷಣಕ್ಕೆ ಹೋದಲ್ಲೆಲ್ಲ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದೊಂದೂ 11.8 ಇಂಚು, ಹೆಚ್ಚುಕಡಿಮೆ ನಮ್ಮ ಸ್ಕೂಲ್ ಸ್ಕೇಲಿನಷ್ಟು ಉದ್ದ. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೋಗುವ ದೂರ ಅಷ್ಟು. ಉಪಗ್ರಹದ ಮೂಲಕ ಸಂದೇಶ ಬರೋಕೆ ಯಾಕೆ ಇಷ್ಟು ಹೊತ್ತು ಅಂತ ನೌಕಾಪಡೆಯ ಅಡ್ಮಿರಲ್‌ಗಳು ಕೇಳಿದರೆ, ಇಲ್ಲಿಂದ ಉಪಗ್ರಹದ ತನಕ ಇಂಥ ತಂತಿ ಎಷ್ಟು ಹಿಡಿಯುತ್ತವೆ ನೋಡಿ ಅನ್ನುತ್ತಿದ್ದರು. ಮೈಕ್ರೋಸೆಕೆಂಡಿಗೆ 984 ಅಡಿ ತಂತಿಯ ದೊಡ್ಡ ಸುರುಳಿಯೇ ಇಟ್ಟುಕೊಂಡಿದ್ದರು. ಅದನ್ನು ಒಬ್ಬೊಬ್ಬ ಪ್ರೋಗ್ರಾಮರ್ ಕುತ್ತಿಗೆಗೂ ನೇತು ಹಾಕಬೇಕು, ಏನನ್ನು ಪೋಲು ಮಾಡುತ್ತಿದ್ದೇವೆ ಅಂತ ಆಗ ಗೊತ್ತಾಗುತ್ತದೆ ಅನ್ನೋದು ಅವರ ಮಾತು. ನಮ್ಮ ಆಫೀಸಿನ ಕೆಲವು ಕುತ್ತಿಗೆಗಳು ನನಗೂ ನೆನಪಾದವು. ಮೊದಲ ಕಂಪೈಲರ್ ಬರೆದದ್ದಕ್ಕಿಂತ ತಾನು ತಯಾರು ಮಾಡಿದ ಯುವಜನರ ಬಗ್ಗೆಯೇ ತನಗೆ ಹೆಮ್ಮೆ ಜಾಸ್ತಿ ಅಂತಲೂ ಹೇಳುತ್ತಿದ್ದರು. ಆದರೆ ಅವರ ಹೆಸರು ಬಂದರೆ ಜನಕ್ಕೆ ಮೊದಲು ನೆನಪಾಗೋದು ಕಂಪೈಲರ್.

ಕಂಪೈಲರ್ ತಜ್ಞೆ ಫ್ರಾನ್ ಅಲೆನ್ ವಿಷಯದಲ್ಲಿ ಮಾತ್ರ ಸ್ವಲ್ಪ ಬೇರೆ ಥರ ಆಯಿತು. ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯ ರೈತರ ಮಗಳು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದ ಸಾಲ ತೀರಿಸಬೇಕು ಅಂತ 1957ರಲ್ಲಿ ಐಬಿಎಂ ಎಂಬ ಕಂಪ್ಯೂಟರ್ ಕಂಪನಿ ಸೇರಿದರು. ಸಾಲ ತೀರಿದ ಮೇಲೆ ಮೇಷ್ಟ್ರು ಕೆಲಸಕ್ಕೆ ವಾಪಸ್ ಹೋಗೋ ಯೋಚನೆ. ಸೇರಿದ ಮೇಲೆ ಸಿಕ್ಕಿದ್ದೂ ಮೇಷ್ಟ್ರು ಕೆಲಸವೇ: ಆ ವರ್ಷವಷ್ಟೇ ಹೊರಬಂದಿದ್ದ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಐಬಿಎಂ ವಿಜ್ಞಾನಿಗಳಿಗೆ ಕಲಿಸಬೇಕು. ಅವರಿಗೆಲ್ಲ ಇದರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಕಲಿಸುತ್ತಾ ಕಲಿಸುತ್ತಾ ಆ ಕಂಪೈಲರ್ ಒಳಗೆ ಹೊಕ್ಕವರು 45 ವರ್ಷ ಅಲ್ಲೇ ಉಳಿದರು. ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1966ರಿಂದ ಕೊಡುತ್ತಿದ್ದಾರೆ. ಮೊದಲ ಸಲ ಒಬ್ಬ ಹೆಂಗಸಿಗೆ ಸಿಕ್ಕಿದ್ದು 2006ರದ್ದು, ಇವರಿಗೇ. ಆದರೆ ಅದಕ್ಕೂ 6 ವರ್ಷ ಮುಂಚೆ, 2000ದಲ್ಲಿ, ಐಬಿಎಂ ಇವರ ಹೆಸರಲ್ಲಿ ಮಹಿಳಾ ಮೆಂಟರ್ ಪ್ರಶಸ್ತಿ ಶುರು ಮಾಡಿತ್ತು. ಕೈಕೆಳಗಿನವರನ್ನು ಬೆಳೆಸುವುದೂ ಲೆಕ್ಕಕ್ಕೆ ಬರುವ ಕೆಲಸ ಅಂತ ಒಂದು ಕಂಪನಿ ಒಪ್ಪಿಕೊಂಡದ್ದು ನನಗೆ ಟ್ಯೂರಿಂಗ್‌ಗಿಂತ ಹೆಚ್ಚು ಅನ್ನಿಸುತ್ತದೆ. ನೀವು ಒಪ್ಪದೇ ಇರಬಹುದು.

ಅದೇ ಮಿಷಿಗನ್‌ನಿಂದ ಅಲೆನ್‌ಗಿಂತ ಮುಂಚೆಯೇ ಪಿಎಚ್‌ಡಿ ಮುಗಿಸಿ ಬಂದವರು ನಮ್ಮವರೇ ಆದ ರಾಜೇಶ್ವರಿ ಚಟರ್ಜಿ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅನ್ನುತ್ತಾರೆ. ಹಳೇ ಮೈಸೂರಿನ ಮೊದಮೊದಲ ಪದವೀಧರೆಯರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. 1953ರಲ್ಲಿ ಬೆಂಗಳೂರಿಗೆ ವಾಪಸ್ ಬಂದು ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಸೇರಿದರು. ಗಂಡ ಶಿಶಿರ್ ಕುಮಾರ್ ಚಟರ್ಜಿ ಜೊತೆ ಮೈಕ್ರೋವೇವ್ ಎಂಜಿನಿಯರಿಂಗ್‌ಗೆ ಪ್ರಯೋಗಾಲಯ ಕಟ್ಟಿದರು. 1982ರಲ್ಲಿ ನಿವೃತ್ತಿ ಆಗುವ ಹೊತ್ತಿಗೆ ಅವರ ಹತ್ತಿರ ಪಿಎಚ್‌ಡಿ ಮಾಡಿದವರು 20 ಜನ. ಅವರ ಬಗ್ಗೆ ನಮ್ಮ ಫಾರಂ ತುಂಬಿಸಬೇಕು ಅಂದರೆ ವಿಶೇಷಣವೇ ಬೇಕಾಗಿಲ್ಲ. ಆ 20 ಹೆಸರು ಬರೆದರೆ ಸಾಕು, 500 ಅಕ್ಷರ ಮುಗಿಯಿತು.

ಹೆಂಗಸರಿಗೆ ಬೇರೆ ಪ್ರಶಸ್ತಿ ಯಾಕೆ ಅಂತ ಪ್ರತಿ ವರ್ಷ ಕ್ಯಾಂಟೀನಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ನಾನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಅನಿತಾ ಬೋರ್ಗ್ ಹೆಸರು ಹೇಳುತ್ತೇನೆ. 1987ರಲ್ಲಿ ಆಪರೇಟಿಂಗ್ ಸಿಸ್ಟಂ ಬಗ್ಗೆ ಒಂದು ಸಮ್ಮೇಳನ. ಬಂದಿದ್ದ ಬೆರಳೆಣಿಕೆಯ ಹೆಂಗಸರು ಲೇಡೀಸ್ ಟಾಯ್ಲೆಟ್‌ನಲ್ಲಿ ಸಿಕ್ಕಾಗ, ನಾವು ಇಷ್ಟೇ ಜನನಾ ಅಂತ ಶುರುವಾದ ಮಾತು ಊಟದ ಟೇಬಲ್ಲಿಗೆ ಹೋಯಿತು, ಅಲ್ಲಿಂದ 'ಸಿಸ್ಟರ್ಸ್' ಎಂಬ ಇಮೇಲ್ ಗುಂಪಾಯಿತು. 1994ರಲ್ಲಿ ಅನಿತಾ ಮತ್ತು ಟೆಲ್ ವಿಟ್ನಿ ಸೇರಿ ವಾಷಿಂಗ್ಟನ್‌ನಲ್ಲಿ ಕಂಪ್ಯೂಟರ್ ಕ್ಷೇತ್ರದ ಹೆಂಗಸರಿಗಾಗಿ ಮೊದಲ ಗ್ರೇಸ್ ಹಾಪರ್ ಸಮಾವೇಶ ಮಾಡಿದರು. ಅನಿತಾ 2003ರಲ್ಲಿ ಮೆದುಳಿನ ಕ್ಯಾನ್ಸರ್‌ನಿಂದ ಹೋಗಿಬಿಟ್ಟರು. ಅವರ ಇನಿಷಿಯಲ್ ಎ, ಬಿ ಸೇರಿಸಿ ಹೆಸರಿಟ್ಟ 'ಏಬಿ' ಪ್ರಶಸ್ತಿಗಳನ್ನು ಅವರ ಸಂಸ್ಥೆ ಕೊಡುತ್ತದೆ. ಗ್ರೇಸ್ ಹಾಪರ್ ಸಮಾವೇಶದ ಭಾರತದ ಆವೃತ್ತಿ ಬೆಂಗಳೂರಿನಲ್ಲೇ ಶುರುವಾದದ್ದು. ನಾನು ಹೋದಾಗ ವೇದಿಕೆ ಮೇಲಿನ ಭಾಷಣಗಳಿಗಿಂತ ಕಾಫಿ ಸಾಲು ಚೆನ್ನಾಗಿತ್ತು. ಮುಂದೆ ನಿಂತಿದ್ದ ಗುರುತಿಲ್ಲದ ಹೆಂಗಸು ಕಪ್ ಹಿಡಿದುಕೊಂಡೇ ತನ್ನ ಸಂಬಳ ಎಷ್ಟು, ಕೆಲಸ ಬದಲಾಯಿಸುವಾಗ ಹೇಗೆ ಚೌಕಾಸಿ ಮಾಡಿದೆ ಅಂತ ವಿವರವಾಗಿ ಹೇಳಿದರು. ನಮ್ಮ ಆಫೀಸಿನಲ್ಲಿ ಯಾವ ಗಂಡಸೂ ನನಗೆ ಅದನ್ನು ಹೇಳಿರಲಿಲ್ಲ. ಅವರವರಲ್ಲೇ ಹೇಳಿಕೊಳ್ಳುತ್ತಿದ್ದರು, ಅದೂ ಗೊತ್ತು.

ಈಗ ಮೇಡಂ ವಿಷಯ. ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತೇವೆ, ಇವರೊಬ್ಬರು ಮಾತ್ರ ನನ್ನ ಬಾಯಲ್ಲಿ ಮೇಡಂ. ಹೆಸರು ಇಲ್ಲಿ ಬರೆದರೆ ಮಾತು ಬಿಟ್ಟುಬಿಡುತ್ತಾರೆ, ಅದಕ್ಕೆ ಬರೆಯಲ್ಲ. ಕೋಡ್ ರಿವ್ಯೂಗೆ, ಅಂದರೆ ಬರೆದ ಪ್ರೋಗ್ರಾಂ ತೋರಿಸೋಕೆ, ಹುಡುಗಿಯರು ಅವರ ಸೀಟಿಗೆ ಹೋದರೆ ಮೊದಲು ಕೀಬೋರ್ಡ್ ಆ ಕಡೆ ತಳ್ಳುತ್ತಾರೆ. ತಾವು ಮೌಸ್ ಮುಟ್ಟುವುದಿಲ್ಲ. "ನೀನೇ ಓಡಿಸು, ನಾನು ನೋಡ್ತೀನಿ." ಬಗ್, ಅಂದರೆ ತಪ್ಪು, ಎಲ್ಲಿದೆ ಅಂತ ಅವರಿಗೆ ಮೊದಲೇ ಕಂಡಿರುತ್ತದೆ, ಮುಖ ನೋಡಿದರೆ ಗೊತ್ತಾಗುತ್ತದೆ. ಆದರೂ ಬಾಯಿ ಬಿಡುವುದಿಲ್ಲ, ಚಕ್ಕುಲಿ ಡಬ್ಬಿ ಮುಂದೆ ಇಟ್ಟು ಸುಮ್ನೆ ಕೂತಿರುತ್ತಾರೆ. ರಾತ್ರಿ ಅಮೆರಿಕದವರ ಜೊತೆ ರಿಲೀಸ್ ಕಾಲ್. ಯಾರೋ ಕಷ್ಟದ ಪ್ರಶ್ನೆ ಕೇಳುತ್ತಾರೆ. ಮೇಡಂ ಮ್ಯೂಟ್ ಒತ್ತಿ ಪಕ್ಕದವಳಿಗೆ, "ಇದು ನಿನ್ನ ಮಾಡ್ಯೂಲ್ ಕಣೇ, ನೀನು ಹೇಳು, ತಪ್ಪಿದರೆ ನಾನಿದ್ದೀನಿ" ಅನ್ನುತ್ತಾರೆ. ಅಮೆರಿಕದವರಿಗೆ ಆ ಹುಡುಗಿಯ ದನಿ ಕೇಳುತ್ತದೆ. ಮುಂದಿನ ಸಲ ಅವರು ಹೆಸರು ಹಿಡಿದು ಅವಳನ್ನೇ ಕೇಳುತ್ತಾರೆ. ಮೇಡಂ ಹೆಸರು ಆ ಮೀಟಿಂಗಿನ ಮಿನಿಟ್ಸ್‌ನಲ್ಲಿ ಇರುವುದೇ ಇಲ್ಲ.

ಇನ್ನೊಂದು ಹೇಳಬೇಕು. 2017ರಿಂದ ಕಾನೂನಿನ ಪ್ರಕಾರ ಹೆರಿಗೆ ರಜೆ 26 ವಾರ. ರಜೆ ಏನೋ ಸಿಗುತ್ತದೆ. ವಾಪಸ್ ಬಂದ ವರ್ಷ ಅವಳ ಕೆಲಸಕ್ಕೆ ಕೊಡುವ ರೇಟಿಂಗ್ ಕೂರುವುದು ಸಾಧಾರಣ ಅನ್ನುವ ನಡುವಿನ ಡಬ್ಬದಲ್ಲಿ, ಯಾಕೆ ಅಂದರೆ ವರ್ಷದಲ್ಲಿ ಅರ್ಧ ಅವಳು ಇರಲಿಲ್ಲವಲ್ಲ. ನನಗೂ ಹಾಗೇ ಆಗಿತ್ತು, ಬೇರೆ ಕಂಪನಿಯಲ್ಲಿ. ಆಗ ನನ್ನ ಪರವಾಗಿ ಒಬ್ಬರೂ ಬಾಯಿ ಬಿಡಲಿಲ್ಲ. ಮೇಡಂ ಏನು ಮಾಡುತ್ತಾರೆ ಅಂದರೆ, ಹುಡುಗಿ ರಜೆಗೆ ಹೋಗುವ ಮುಂಚೆಯೇ ಕೂರಿಸಿಕೊಂಡು ಅವಳು ಮಾಡಿದ್ದೆಲ್ಲ ಒಂದು ಶೀಟಿನಲ್ಲಿ ಬರೆಸುತ್ತಾರೆ. ಅಪ್ರೈಸಲ್ ಮೀಟಿಂಗ್ ದಿನ ಆ ಶೀಟ್ ಪರದೆ ಮೇಲೆ ಹಾಕಿ, "ಇಷ್ಟು ಕೆಲಸ ಆರು ತಿಂಗಳಲ್ಲಿ ಮುಗಿಸಿದ್ದಾಳೆ, ನಿಮ್ಮ ಟೀಮಲ್ಲಿ ಹನ್ನೆರಡು ತಿಂಗಳು ಕೂತವರದ್ದೂ ತೋರಿಸಿ" ಅನ್ನುತ್ತಾರೆ. ಆ ಕೋಣೆಯಲ್ಲಿ ಆ ಹುಡುಗಿ ಇರುವುದಿಲ್ಲ. ಯಾರೋ ತನಗಾಗಿ ಜಗಳ ಆಡಿದರು ಅಂತ ಎಷ್ಟೋ ಜನಕ್ಕೆ ಗೊತ್ತೂ ಆಗುವುದಿಲ್ಲ. ಎದುರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ ರೀ, ಹಿಂದಿನಿಂದ ಜಗಳ ಆಡುವವರು ಸಿಗಲ್ಲ.

ಇಷ್ಟೆಲ್ಲ ಮಾಡುವ ಮೇಡಂ ಬಗ್ಗೆ ಬಂದಿದ್ದ ಹಳೇ ಅರ್ಜಿಯಲ್ಲಿ ಇದ್ದದ್ದು "ಸದಾ ಲಭ್ಯವಿರುತ್ತಾರೆ" ಅಂತ. ಬರೆದವರು ಅವರ ಮ್ಯಾನೇಜರ್. ಮೇಲಿಂದ ನೋಡುವವರಿಗೆ ಇನ್ನೇನು ಕಾಣಬೇಕು?

ಅದಕ್ಕೇ ಕಮಿಟಿಯಲ್ಲಿ ಹಟ ಹಿಡಿದು ಫಾರಂ ಬದಲಾಯಿಸಿದೆವು. ಮೆಂಟರ್ ಪ್ರಶಸ್ತಿಗೆ ಮ್ಯಾನೇಜರ್ ಆದವರು ಯಾರ ಹೆಸರನ್ನೂ ಸೂಚಿಸುವ ಹಾಗಿಲ್ಲ. ಆ ಮೆಂಟರ್ ಕೈಕೆಳಗೆ ಕೆಲಸ ಮಾಡಿದವರೇ ಬರೆಯಬೇಕು, ಕೆಲಸ ಬಿಟ್ಟು ಹೋದವರೂ ಬರೆಯಬಹುದು. "ಇಂಪ್ಯಾಕ್ಟ್" ಕಾಲಂ ತೆಗೆದು ಒಂದೇ ಪ್ರಶ್ನೆ ಇಟ್ಟೆವು: ಇವರು ನಿಮಗಾಗಿ ಮಾಡಿದ ಒಂದು ಕೆಲಸ, ಯಾವ ದಿನ, ಏನಾಯಿತು. ಕನ್ನಡ, ತಮಿಳು, ಹಿಂದಿ, ಯಾವುದರಲ್ಲಾದರೂ ಬರೆಯಿರಿ ಅಂದೆವು. ಎಚ್‌ಆರ್‌ನವರು, ಹೀಗಾದರೆ ಅರ್ಜಿಗಳನ್ನು ಹೋಲಿಸಿ ಅಂಕ ಕೊಡೋದು ಹೇಗೆ ಅಂತ ಗಾಬರಿಯಾದರು. ನ್ಯಾಯವಾದ ಪ್ರಶ್ನೆಯೇ. ಅಂಕ ಕೊಡೋದು ಕಷ್ಟವೇ ಆಯಿತು. ಕಮಿಟಿಯವರು ಎರಡು ಮಧ್ಯಾಹ್ನ ಜಗಳ ಆಡಿದೆವು. ಆದರೆ ಅರ್ಜಿಗಳನ್ನು ಕೊನೆವರೆಗೂ ಓದಿದೆವು, ಇಷ್ಟು ವರ್ಷದಲ್ಲಿ ಮೊದಲ ಸಲ. ಮ್ಯೂಟ್ ಬಟನ್ ಕಥೆ ಬರೆದವಳು ಈಗ ಪುಣೆಯಲ್ಲಿದ್ದಾಳೆ, ಬೇರೆ ಕಂಪನಿಯಲ್ಲಿ ಲೀಡ್.

ಪ್ರಶಸ್ತಿ ಮೇಡಂಗೇ ಬಂತು. ನೇರಳೆ ಬಲೂನು, ಕಪ್ ಕೇಕ್, ಎಲ್ಲ ಇತ್ತು. ಅಕ್ರಿಲಿಕ್ ಟ್ರೋಫಿ ಕೈಗೆ ಕೊಟ್ಟು ಎರಡು ಮಾತಾಡಿ ಅಂದರು. ಮೇಡಂ ಮೈಕ್ ಹಿಡಿದು ನಮ್ಮ ಸೈಟ್ ಹೆಡ್, ಅಂದರೆ ಆಫೀಸಿನ ಮುಖ್ಯಸ್ಥರ ಕಡೆ ತಿರುಗಿ, "ನನ್ನ ಟೀಮಿನ ಇಬ್ಬರು ಹುಡುಗಿಯರ ಪ್ರಮೋಷನ್ ನಿಮ್ಮ ಅಪ್ರೂವಲ್‌ಗೆ ಕಾಯ್ತಾ ಇದೆ. ಇಷ್ಟು ಖುಷಿಯಲ್ಲಿದ್ದೀರಿ, ಅದನ್ನೂ ಇವತ್ತೇ ಒತ್ತಿಬಿಡಿ" ಅಂದರು. ಎಲ್ಲರೂ ನಕ್ಕರು, ಸೈಟ್ ಹೆಡ್ಡೂ ನಕ್ಕರು. ಒಂದಕ್ಕೆ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನೊಂದರ ಬಗ್ಗೆ ಮೇಡಂ ಪ್ರತಿ ಸೋಮವಾರ ಅವರಿಗೆ ಮೇಲ್ ಹಾಕುತ್ತಿದ್ದಾರೆ, ನನ್ನನ್ನೂ ಸಿಸಿಯಲ್ಲಿಟ್ಟು.