ಪಾರ್ಟ್ಸ್ ಆರ್ಡರ್ ಮಾಡೋ ಮೊದಲು ನಂಬರ್ ಹುಡುಕಿ

ಆನ್‌ಲೈನ್‌ನಲ್ಲಿ ಪಾರ್ಟ್ಸ್ ಹುಡುಕುವಾಗ ನಾನು ಗಾಡಿಯ ಹೆಸರು ಟೈಪ್ ಮಾಡುವುದೇ ಇಲ್ಲ, ಪಾರ್ಟ್ ನಂಬರ್ ಹಾಕುತ್ತೇನೆ. ಒಂದೇ ಹೆಸರಿನ ಗಾಡಿ ವರ್ಷಗಟ್ಟಲೆ ಮಾರಾಟ ಆಗುತ್ತಿರುತ್ತದೆ, ನಡುವೆ ಸದ್ದಿಲ್ಲದೆ ಬ್ರೇಕ್ ಕ್ಯಾಲಿಪರ್ ಬದಲಾಗಿರುತ್ತದೆ, ಕ್ಲಚ್ ಪ್ಲೇಟ್ ಬದಲಾಗಿರುತ್ತದೆ, ಫೋಟೋದಲ್ಲಿ ಮಾತ್ರ ಹಳೇದೂ ಹೊಸದೂ ಒಂದೇ ಥರ ಕಾಣುತ್ತವೆ. "ನಿಮ್ಮ ಗಾಡಿಗೆ ಫಿಟ್ ಆಗುತ್ತದೆ" ಅಂತ ಬರೆದಿದ್ದರೂ ಅಷ್ಟನ್ನೇ ನಂಬಬೇಡಿ. ಕಾರಾದರೆ 17 ಅಕ್ಷರ, ಅಂಕಿಗಳ ವಿಐಎನ್ (ಚಾಸಿ ನಂಬರ್) ಇರುತ್ತದಲ್ಲ, ಅದನ್ನು ಕಂಪನಿಯ ಪಾರ್ಟ್ಸ್ ಕ್ಯಾಟಲಾಗ್‌ಗೆ ಕೊಟ್ಟು ನೋಡಿ. ನಿಮ್ಮ ಗಾಡಿಗೆ ಹಾಕಿರುವ ಪಾರ್ಟಿನ ನಂಬರೇ ಸಿಗುತ್ತದೆ.

ಎಷ್ಟೋ ಸಲ ನಂಬರ್ ಹಳೇ ಪಾರ್ಟ್ ಮೇಲೇ ಇರುತ್ತದೆ. ಒಂದು ವೀಲ್ ಬೇರಿಂಗ್ ಬಿಚ್ಚಿ, ಗ್ರೀಸ್ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. 6203-2ಆರ್‌ಎಸ್ ಅಂತ ಸಣ್ಣದಾಗಿ ಕೊರೆದಿರಬಹುದು. 6203 ಅಂದ್ರೆ ಒಳಗಿನ ತೂತು 17 ಮಿ.ಮೀ., ಹೊರಗಿನ ಅಳತೆ 40, ದಪ್ಪ 12. ಯಾವ ಕಂಪನಿ ಮಾಡಿದರೂ ಇದೇ ಅಳತೆ! 2ಆರ್‌ಎಸ್ ಅಂದ್ರೆ ಎರಡೂ ಬದಿಗೆ ರಬ್ಬರ್ ಸೀಲ್, ಝಡ್‌ಝಡ್ ಅಂತಿದ್ದರೆ ತಗಡಿನ ಮುಚ್ಚಳ. ನೀರು, ಕೆಸರಲ್ಲಿ ಓಡಾಡೋ ಚಕ್ರಕ್ಕೆ ರಬ್ಬರ್ ಸೀಲೇ ಬೇಕು. ನಂಬರ್ ಕೊನೆಗೆ ಸಿ3 ಅಂತಿದ್ದರೆ ಅದನ್ನೂ ಬಿಡದೆ ಬರೆದುಕೊಳ್ಳಿ, ಒಳಗಿನ ಸಡಿಲ ಮಾಮೂಲಿಗಿಂತ ಜಾಸ್ತಿ ಅಂತ ಅದರ ಅರ್ಥ. ಇಷ್ಟು ಗೊತ್ತಿದ್ದರೆ ಗಾಡಿ ಕಂಪನಿಯ ಡಬ್ಬಿಗೇ ಕಾಯಬೇಕಿಲ್ಲ, ಒಳ್ಳೆ ಬೇರಿಂಗ್ ಕಂಪನಿಯದ್ದನ್ನು ನೇರವಾಗಿ ತರಿಸಬಹುದು. ಗಾಡಿ ನಾವೇ ರಿಪೇರಿ ಮಾಡಿಕೊಳ್ಳೋ ಈ ಹವ್ಯಾಸದಲ್ಲಿ ನನಗೆ ತುಂಬಾ ಖುಷಿ ಕೊಡೋದು ಇದೇ ಕೆಲಸ.

ಸ್ಪಾರ್ಕ್ ಪ್ಲಗ್‌ನಲ್ಲಿ ಮಾತ್ರ ಹುಷಾರು. ಎನ್‌ಜಿಕೆಯಲ್ಲಿ ಹೀಟ್ ರೇಂಜ್ ಅಂಕಿ ದೊಡ್ಡದಾದಷ್ಟೂ ಪ್ಲಗ್ 'ಕೋಲ್ಡ್', ಅಂದ್ರೆ ಶಾಖವನ್ನು ಬೇಗ ಹೊರಗೆ ಬಿಡುವಂಥದ್ದು, ಬಾಷ್‌ನಲ್ಲಿ ಪೂರ್ತಿ ಉಲ್ಟಾ. ಹಾಗಾಗಿ ಒಂದು ಬ್ರ್ಯಾಂಡಿನ ಅಂಕಿ ಹಿಡಿದು ಇನ್ನೊಂದನ್ನು ಕೊಳ್ಳಬೇಡಿ. ಬೈಕ್ ಆಯಿಲ್ ಆದರೆ ಡಬ್ಬದ ಹಿಂದೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ. ಕ್ಲಚ್ ಆಯಿಲ್‌ನಲ್ಲೇ ಮುಳುಗಿರೋ ಬೈಕಿಗೆ ಕಾರಿನ ಜಾರು ಆಯಿಲ್ ಹಾಕಿದರೆ ಕ್ಲಚ್ ಸ್ಲಿಪ್ ಆಗಬಹುದು. ಟೈರ್ ತರಿಸುವುದಾದರೆ ಅದರ ಪಕ್ಕದ ಗೋಡೆ ಮೇಲೆ DOT ಅಂತ ಶುರುವಾಗುವ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿಯ ಫೋಟೋ ಕೇಳಿ. 2324 ಅಂತಿದ್ದರೆ 2024ರ 23ನೇ ವಾರ ತಯಾರಾಗಿದ್ದು. ಫೋಟೋ ಕಳಿಸೋಕೆ ಹಿಂದೆ ಮುಂದೆ ನೋಡುವವರ ಹತ್ತಿರ ನಾನಂತೂ ತಗೊಳ್ಳುವುದಿಲ್ಲ.

ಮೊಬೈಲ್ ಹೋಲ್ಡರ್, ಸೀಟ್ ಕವರ್ ಎಲ್ಲ ನಿಮ್ಮಿಷ್ಟ, ರಿವ್ಯೂ ಓದಿ ತರಿಸಿ. ಆದರೆ ಬ್ರೇಕ್ ಪ್ಯಾಡ್‌ಗೆ ಆ ಸಡಿಲ ಬೇಡ, ರೇಟ್ ಕಮ್ಮಿ ಅಂತ ಗುರುತಿಲ್ಲದ ಮಾರಾಟಗಾರರಿಂದ ತಗೊಳ್ಳಲೇಬೇಡಿ. ಹ್ಯಾಲೋಜನ್ ಹೆಡ್‌ಲೈಟ್ ಒಳಗೆ ಸುಮ್ನೆ ಎಲ್‌ಇಡಿ ಬಲ್ಬ್ ಸಿಕ್ಕಿಸೋದೂ ನನಗೆ ಒಪ್ಪಿಗೆಯಿಲ್ಲ. ಆ ರಿಫ್ಲೆಕ್ಟರ್ ಮಾಡಿರೋದೇ ಫಿಲಮೆಂಟ್ ಇರೋ ಜಾಗಕ್ಕೆ ತಕ್ಕ ಹಾಗೆ, ಬೆಳಕು ಚದುರಿ ಎದುರಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಅವರೂ ಮನೆಗೆ ಹೋಗಬೇಕು ಅಲ್ವಾ?

ಪಾರ್ಸೆಲ್ ಬಂದ ಮೇಲೆ ಹೊಸದನ್ನು ಹಳೇದರ ಪಕ್ಕ ಇಟ್ಟು ಬೋಲ್ಟ್ ತೂತು, ದಪ್ಪ, ಕನೆಕ್ಟರ್ ಪಿನ್ ಎಲ್ಲ ತಾಳೆ ನೋಡಿ. ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಒಮ್ಮೆ ಬೋಲ್ಟ್ ಬಿಗಿದ ಗುರುತು ಬಿದ್ದರೆ ವಾಪಸ್ ಕೊಡೋದು ಕಷ್ಟ.