ತರಲೆ ಪ್ರಶ್ನೆಗೆ ಸರಿಯಾದ ಉತ್ತರ: ಗೆಳೆಯರ ಹಾಸ್ಯ ಪಾಡ್‌ಕಾಸ್ಟ್ ಮಾಡುವವರಿಗೆ

ಮೂವರು ಗೆಳೆಯರು ಮೈಕ್ ಮುಂದೆ ಕೂತು ಕೇಳುಗರ ವಿಚಿತ್ರ ಪ್ರಶ್ನೆಗಳಿಗೆ ಉತ್ತರ ಹೇಳುವ ಪಾಡ್‌ಕಾಸ್ಟ್ ಕೆಡುವುದು ಹೆಚ್ಚಾಗಿ ಒಂದೇ ಕಡೆ. ಪ್ರಶ್ನೆ ಓದಿ ಮುಗಿಯುವಷ್ಟರಲ್ಲಿ ಮೂವರೂ ಜೋಕ್ ಹೊಡೆಯಲು ಮುಗಿಬೀಳುತ್ತಾರೆ, ಉತ್ತರ ಮಾತ್ರ ಯಾರೂ ಕೊಡುವುದಿಲ್ಲ. ಪ್ರಶ್ನೆ ಎಷ್ಟೇ ತರಲೆಯಾಗಿರಲಿ, ಕೇಳಿದವರಿಗೆ ಅದು ನಿಜವಾದ ಪೇಚು. ಅದನ್ನು ಬಿಡಿಸಲು ಮನಸಾರೆ ಹೊರಟರೆ ನಗು ತಾನಾಗಿ ಹುಟ್ಟುತ್ತದೆ.

ಮೊದಲು ಪ್ರಶ್ನೆಗಳ ಆಯ್ಕೆ. "ನೀವು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ?" ಎಂಬಂಥದ್ದು ನೋಡಲು ಚೆನ್ನ, ಆದರೆ ಒಂದು ನಿಮಿಷಕ್ಕೆ ಖಾಲಿ. ಮೂವರೂ ಒಂದೊಂದು ಪ್ರಾಣಿಯ ಹೆಸರು ಹೇಳಿದರೆ ಮಾತು ಮುಗಿಯಿತು, ವಾದಿಸಲು ಏನೂ ಉಳಿಯುವುದಿಲ್ಲ. ಒಳ್ಳೆಯ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡ ಒಬ್ಬ ಮನುಷ್ಯ ಇರುತ್ತಾನೆ, ಎದುರಿಗೆ ಇನ್ನೊಬ್ಬರು ಇರುತ್ತಾರೆ, ಇಬ್ಬರ ಕಡೆಯಿಂದಲೂ ನಾಲ್ಕು ಮಾತು ಆಡಬಹುದು. 45 ನಿಮಿಷದ ಸಂಚಿಕೆಗೆ ಇಂಥವು ಐದಾರು ಸಾಕು, ಜೊತೆಗೆ ಕೈಯಲ್ಲಿ ಇನ್ನೆರಡು ಇಟ್ಟುಕೊಂಡಿರಬೇಕು. ಕಾಯಿಲೆ, ಕೋರ್ಟು, ಮನೆಯೊಳಗಿನ ಹಿಂಸೆಯ ಸುಳಿವಿರುವ ಪತ್ರಗಳನ್ನು ಹಾಸ್ಯಕ್ಕೆ ಎತ್ತಿಕೊಳ್ಳಲೇಬಾರದು.

ಬಂದ ಪತ್ರವನ್ನು ಇದ್ದ ಹಾಗೇ ಓದಿದರೆ ಕೇಳುಗರು ದಾರಿ ತಪ್ಪುತ್ತಾರೆ. ಸುಮಾರು 60 ಪದಕ್ಕೆ ಇಳಿಸಿ, ಅರ್ಧ ನಿಮಿಷದಲ್ಲಿ ಓದಿ ಮುಗಿಯಬೇಕು. ಪೀಠಿಕೆ, ಹೊಗಳಿಕೆ, "ನಿಮ್ಮ ಎಲ್ಲಾ ಸಂಚಿಕೆ ಕೇಳಿದ್ದೇನೆ" ಎಂಬುದೆಲ್ಲ ಹೋಗಲಿ. ಪತ್ರದಲ್ಲಿರುವ ಅತಿ ವಿಚಿತ್ರವಾದ ಒಂದು ವಿವರ ಮಾತ್ರ ಬರೆದವರ ಮಾತಿನಲ್ಲೇ ಉಳಿಯಬೇಕು. ಕೊನೆಯ ವಾಕ್ಯ ಪ್ರಶ್ನೆಯೇ ಆಗಿರಲಿ, ಯಾಕೆಂದರೆ ಉತ್ತರಿಸುವವರು ಹಿಡಿದುಕೊಳ್ಳುವುದು ಕಿವಿಗೆ ಕೊನೆಗೆ ಬಿದ್ದದ್ದನ್ನೇ. ಹೆಸರು, ಊರು, ಕೆಲಸ ಬದಲಾಯಿಸಿ. ಹೆಸರೊಂದನ್ನೇ ತೆಗೆದರೆ ಸಾಲದು, ಪಕ್ಕದ ಮನೆಯವರು ಉಳಿದ ವಿವರದಿಂದಲೇ ಗುರುತು ಹಿಡಿಯುತ್ತಾರೆ.

ಪ್ರಶ್ನೆಗಳನ್ನು ಮುಂಚೆ ನೋಡಿರಬೇಕಾದವರು ಓದುವವರೊಬ್ಬರೇ. ಉಳಿದ ಇಬ್ಬರು ಮೈಕ್ ಮುಂದೆಯೇ ಮೊದಲ ಸಲ ಕೇಳಬೇಕು. ಮೊದಲೇ ಹಂಚಿಕೊಂಡರೆ ಒಳ್ಳೆಯ ನಗುವೆಲ್ಲ ವಾಟ್ಸ್ಯಾಪ್‌ನಲ್ಲೇ ಖರ್ಚಾಗಿ ಹೋಗುತ್ತದೆ. ಓದುವವರು ಮಾತ್ರ ಓದುವಾಗ ನಗಬಾರದು.

ಉದಾಹರಣೆಗೆ ಈ ಪ್ರಶ್ನೆ: "ನಮ್ಮ ಬೆಕ್ಕು ಪಕ್ಕದ ಮನೆಯಲ್ಲಿ ಬೇರೆ ಹೆಸರಿಟ್ಟುಕೊಂಡು ದಿನಾ ಊಟ ಮಾಡ್ತಿದೆ. ಅವರಿಗೆ ನಿಜ ಹೇಳಬೇಕಾ?" ಬೆಕ್ಕುಗಳ ಮೇಲೆ ಬಿಡಿ ಜೋಕ್ ಸುರಿಸಿದರೆ ಎರಡೇ ನಿಮಿಷಕ್ಕೆ ಉಸಿರು ನಿಲ್ಲುತ್ತದೆ. ಅದರ ಬದಲು ಒಬ್ಬರು ಪಕ್ಕದ ಮನೆಯವರ ವಕಾಲತ್ತು ವಹಿಸಲಿ: ಅವರ ಪ್ರಕಾರ ಬೆಕ್ಕು ಅವರದೇ, ನೀವೇ ಕದ್ದವರು. ಇನ್ನೊಬ್ಬರು ಬೆಕ್ಕಿನ ಕಡೆಗೆ: ಎರಡು ಹೆಸರು, ಎರಡು ತಟ್ಟೆ, ಯಾರಿಗೂ ಸುಳ್ಳು ಹೇಳಿಲ್ಲ. ಆಮೇಲೆ ಓದಿದವರು ಕೇಳಬೇಕು: "ಸರಿ ಕಣ್ರೋ, ನಾಳೆ ಬೆಳಿಗ್ಗೆ ಇವರು ಏನ್ ಮಾಡ್ಬೇಕು?" ಇಲ್ಲಿ ನಿಜವಾದ ಉತ್ತರ ಬೇಕು, ಅದು ಇದೆ ಕೂಡ. ಬೆಕ್ಕಿನ ಕುತ್ತಿಗೆಗೆ ಸುಲಭವಾಗಿ ಹರಿಯುವ ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಬೆಕ್ಕಿನ ಹೆಸರು, ಫೋನ್ ನಂಬರ್ ಬರೆದು ಕಳಿಸುವುದು. ಹೇಳಲೇಬೇಕಾದ ಕಾರಣವೂ ಇದೆ: ಎರಡು ಕಡೆ ಉಂಡ ಬೆಕ್ಕು ದಪ್ಪಗಾಗುತ್ತದೆ, ಎರಡೂ ಮನೆಯವರು ಜಂತುಹುಳದ ಔಷಧಿ ಕೊಟ್ಟರೆ ಡೋಸ್ ದುಪ್ಪಟ್ಟಾಗುತ್ತದೆ. ನಗುತ್ತಿದ್ದವರು ಇಲ್ಲಿ ಕಿವಿ ನಿಮಿರಿಸುತ್ತಾರೆ, ಮುಂದಿನ ಪ್ರಶ್ನೆಯನ್ನು ಅವರೇ ಕಳಿಸುತ್ತಾರೆ. ಗೇಲಿ ಏನಿದ್ದರೂ ಪರಿಸ್ಥಿತಿಯದು. ಕೇಳಿದವರನ್ನೇ ಆಡಿಕೊಂಡರೆ ಪತ್ರ ಬರುವುದು ನಿಲ್ಲುತ್ತದೆ.

ರೆಕಾರ್ಡಿಂಗ್‌ನಲ್ಲಿ ತೊಂದರೆ ಕೊಡುವುದು ಮಾತಲ್ಲ, ನಗು. ಮಾತಿನ ಮಟ್ಟಕ್ಕೆ ಗೇನ್ (ಮೈಕಿನ ಧ್ವನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಹೊಂದಿಕೆ) ಇಟ್ಟರೆ ಮೊದಲ ಗಹಗಹಕ್ಕೇ ಧ್ವನಿ ಒಡೆಯುತ್ತದೆ, ಹಾಗೆ ಒಡೆದದ್ದನ್ನು ಆಮೇಲೆ ಪೂರ್ತಿ ಸರಿಮಾಡಲು ಆಗುವುದಿಲ್ಲ. ಆದ್ದರಿಂದ ಮಟ್ಟ ನೋಡುವಾಗ "ಹಲೋ, ಒನ್ ಟೂ ತ್ರೀ" ಸಾಲದು, ಜೋರಾಗಿ ನಕ್ಕು ನೋಡಬೇಕು. ರೆಕಾರ್ಡಿಂಗ್ ಮೀಟರಿನಲ್ಲಿ ಸೊನ್ನೆಯೇ ಧ್ವನಿ ಒಡೆಯುವ ಗಡಿ; ಸಾಮಾನ್ಯ ಮಾತಿನ ಏರು ಮೈನಸ್ 18ರಿಂದ ಮೈನಸ್ 12 ಡೆಸಿಬಲ್ ಆಸುಪಾಸು, ನಗು ಮೈನಸ್ 6 ದಾಟದಂತೆ ಇದ್ದರೆ ನಿಶ್ಚಿಂತೆ. ಒಂದೇ ಕೋಣೆಯಲ್ಲಿ ಕೂತಿದ್ದರೆ ಹತ್ತಿರದ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವ ಡೈನಾಮಿಕ್ ಮೈಕ್ ವಾಸಿ, ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ಪಕ್ಕದವರ ನಗುವನ್ನೂ ಎಳೆದುಕೊಳ್ಳುತ್ತದೆ. ಬಾಯಿಗೂ ಮೈಕಿಗೂ 10ರಿಂದ 15 ಸೆಂಟಿಮೀಟರ್ ಅಂತರ, ಮೈಕ್ ಸ್ವಲ್ಪ ಓರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟ್ರ್ಯಾಕ್, ಅಂದರೆ ಅವರ ಧ್ವನಿಯಷ್ಟೇ ಇರುವ ರೆಕಾರ್ಡಿಂಗ್, ಇರಲೇಬೇಕು. ಇಲ್ಲದಿದ್ದರೆ ಒಬ್ಬರ ಕೆಮ್ಮು ತೆಗೆಯಲು ಹೋಗಿ ಇನ್ನೊಬ್ಬರ ಮಾತೂ ಹೋಗುತ್ತದೆ.

ಬೇರೆ ಬೇರೆ ಊರುಗಳಿಂದ ಕರೆ ಮೂಲಕ ಮಾತಾಡುವಾಗ ಧ್ವನಿ ತಡವಾಗಿ ತಲುಪುತ್ತದೆ. ಹಾಸ್ಯಕ್ಕೆ ಇದು ದೊಡ್ಡ ಶತ್ರು. ಇಬ್ಬರೂ ಒಟ್ಟಿಗೆ ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, "ನೀನ್ ಹೇಳು", "ಇಲ್ಲ ನೀನೇ ಹೇಳು" ಎನ್ನುತ್ತಾ ನಗು ಆರಿಹೋಗುತ್ತದೆ. ಪ್ರತಿಯೊಬ್ಬರೂ ಹೆಡ್‌ಫೋನ್ ಹಾಕಿ ತಮ್ಮ ತಮ್ಮ ಯಂತ್ರದಲ್ಲೇ 48 ಕಿಲೋಹರ್ಟ್ಸ್ ವೇವ್ (WAV, ಧ್ವನಿಯನ್ನು ಕುಗ್ಗಿಸದ) ಫೈಲ್ ರೆಕಾರ್ಡ್ ಮಾಡಿಕೊಂಡು, ಶುರುವಿನಲ್ಲೂ ಕೊನೆಯಲ್ಲೂ ಒಂದು ಚಪ್ಪಾಳೆ ತಟ್ಟಬೇಕು. ಟ್ರ್ಯಾಕ್‌ಗಳನ್ನು ಹೊಂದಿಸಲು ಮೊದಲನೆಯದು. ದೀರ್ಘ ರೆಕಾರ್ಡಿಂಗ್‌ನಲ್ಲಿ ಅವು ನಿಧಾನವಾಗಿ ಜಾರಿವೆಯೇ ಎಂದು ತಿಳಿಯಲು ಕೊನೆಯದು. ಜಾರಿದ್ದರೆ ಗೆಳೆಯ ಜೋಕ್ ಹೇಳುವ ಮೊದಲೇ ನಗುತ್ತಿರುತ್ತಾನೆ!

ಎಡಿಟಿಂಗ್‌ನಲ್ಲಿ, ಮೌನವನ್ನು ತಾನೇ ಕತ್ತರಿಸುವ ಸೌಲಭ್ಯ ಬೇಡವೇ ಬೇಡ. ವಿಚಿತ್ರ ಪ್ರಶ್ನೆ ಓದಿದ ಮೇಲೆ ಬರುವ ಎರಡು ಸೆಕೆಂಡಿನ ಮೌನವೇ ಅನೇಕ ಸಲ ಆ ಭಾಗದ ಅತ್ಯುತ್ತಮ ಹಾಸ್ಯ. ಯಂತ್ರಕ್ಕೆ ಅದು ಬರೀ ಖಾಲಿ ಜಾಗ. ಕತ್ತರಿಸಬೇಕಾದದ್ದು ಬೇರೆ: ಒಂದೇ ಜೋಕಿನ ಮೂರನೇ ರೂಪ, ಒಳಗಿನವರಿಗೆ ಮಾತ್ರ ಅರ್ಥವಾಗುವ ಹಳೆಯ ಪ್ರಸಂಗ, ವಿಷಯ ಬಿಟ್ಟು ಅಲೆದದ್ದು. ನಗುವಿನ ಬಾಲವನ್ನು ಅರ್ಧಕ್ಕೇ ಕತ್ತರಿಸಬೇಡಿ, ಉಸಿರು ಎಳೆದುಕೊಳ್ಳುವ ತನಕ ಬಿಡಿ. ಕೊನೆಗೆ ಒಟ್ಟು ಧ್ವನಿಮಟ್ಟ ಸ್ಟೀರಿಯೋ (ಎಡ-ಬಲ ಎರಡು ಚಾನೆಲ್) ಆದರೆ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ), ಮೋನೋ (ಒಂದೇ ಚಾನೆಲ್) ಆದರೆ ಮೈನಸ್ 19, ಶಿಖರ ಮೈನಸ್ 1 ಡೆಸಿಬಲ್ ಒಳಗೆ.

ಪ್ರಶ್ನೆಗಳನ್ನು ಜೋಡಿಸುವಾಗ ಅತಿ ಗಟ್ಟಿಯಾದದ್ದನ್ನು ಮೊದಲೇ ಇಡಬೇಡಿ, ಮಾತು ಇನ್ನೂ ಬಿಸಿಯಾಗಿರುವುದಿಲ್ಲ. ಎರಡನೆಯದೋ ಮೂರನೆಯದೋ ಆಗಲಿ. ಹಿಂದಿನ ಸಂಚಿಕೆಯ ಸಲಹೆ ಪಾಲಿಸಿದವರು ಮತ್ತೆ ಬರೆದಿದ್ದರೆ ಅದನ್ನು ಶುರುವಿನಲ್ಲೇ ಓದಿ, ಸಲಹೆ ಕೈಕೊಟ್ಟಿದ್ದರಂತೂ ತಪ್ಪದೆ ಓದಿ, ಹೊಸ ಸಲಹೆಯನ್ನೂ ಅಲ್ಲೇ ಕೊಡಿ.